ಯಾರ ತಪ್ಪು ಎಂದು ಕೇಳುವ ಮೊದಲು

ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ 2024ರ ನವೆಂಬರ್ 9ರಿಂದ 11ರವರೆಗೆ 34 ಸಿಸೇರಿಯನ್ ಹೆರಿಗೆಗಳಾದವು. ಆ ಬಾಣಂತಿಯರಲ್ಲಿ ಏಳು ಮಂದಿಯ ಸ್ಥಿತಿ ಹೆರಿಗೆಯ ಬೆನ್ನಿಗೇ ಬಿಗಡಾಯಿಸಿತು. ಮೂತ್ರಪಿಂಡ ಸೋತಿತು, ಆಮೇಲೆ ಒಂದರ ಹಿಂದೊಂದು ಅಂಗಗಳು ಸೋತವು. ಐವರು ತೀರಿಕೊಂಡರು. ಐದನೆಯವರು ಡಿಸೆಂಬರ್ ಮೊದಲ ವಾರದವರೆಗೂ ಜೀವಕ್ಕಾಗಿ ಹೋರಾಡಿ ಹೋದರು. ಇವರಾರೂ ಕಾಯಿಲೆ ಎಂದು ಆಸ್ಪತ್ರೆಗೆ ಬಂದವರಲ್ಲ. ಹೆರಲು ಬಂದವರು.

ತಜ್ಞರ ಸಮಿತಿ ಬಂದು ನೋಡಿತು. ಸಂಶಯ ಹೋದದ್ದು ಆ ಬಾಣಂತಿಯರ ರಕ್ತನಾಳಕ್ಕೆ ಹರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದನ್ನು ಪೂರೈಸಿದ್ದು ಪಶ್ಚಿಮ್ ಬಂಗ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪನಿ. ನವೆಂಬರ್ ಕೊನೆಗೆ ಮುಖ್ಯಮಂತ್ರಿ ಸಭೆ ಕರೆದರು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಕಂಪನಿಯ ವಿರುದ್ಧ ಕ್ರಮಕ್ಕೆ ಆದೇಶವಾಯಿತು. ಮೊದಲು 2 ಲಕ್ಷ ಎಂದಿದ್ದ ಪರಿಹಾರ 5 ಲಕ್ಷ ರೂಪಾಯಿಗೆ ಏರಿತು. ವಿಧಾನಮಂಡಲದಲ್ಲಿ ಮಾತಿನ ಚಕಮಕಿಯೂ ನಡೆಯಿತು. ಆ ಬಾಟಲಿ ಆ ಮಂಚದ ತನಕ ಬಂದದ್ದು ಹೇಗೆ, ಅದನ್ನು ಎಲ್ಲೆಲ್ಲಿ ತಡೆಯಬಹುದಿತ್ತು, ಏಕೆ ತಡೆಯಲಿಲ್ಲ ಎಂಬುದನ್ನು ಸತ್ತವರ ಮನೆಯವರಿಗೆ ಎದುರು ಕೂರಿಸಿಕೊಂಡು ತಿಳಿಯುವ ಭಾಷೆಯಲ್ಲಿ ಹೇಳಬೇಕು. ಈ ಕೆಲಸ ನಮ್ಮ ವ್ಯವಸ್ಥೆಯಲ್ಲಿ ಯಾರ ಪಾಲಿಗೂ ಬಂದಿಲ್ಲ. ಅದು ಯಾರದಾದರೂ ಕರ್ತವ್ಯವಾಗಬೇಕು ಎಂಬುದೇ ಈ ಲೇಖನದ ವಾದ.

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಓದುಗರಿಗೆ ಬಳ್ಳಾರಿ ದೂರದ ಸುದ್ದಿ ಅನ್ನಿಸಬಾರದು. ಆ ಬಾಟಲಿ ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಗಳಿಸಿರುವ ಚಿಕಿತ್ಸೆ. ಸುಸ್ತು, ಜ್ವರ, ವಾಂತಿ ಯಾವುದಕ್ಕೇ ದವಾಖಾನೆಗೆ ಹೋದರೂ “ಒಂದ್ ಸಲಾಯಿನ್ ಹಚ್ರಿ ಸಾಹೇಬ್ರ” ಎಂದು ನಾವಾಗಿಯೇ ಕೇಳುತ್ತೇವೆ. ಬರಿ ಗುಳಿಗೆ ಬರೆದುಕೊಟ್ಟ ಡಾಕ್ಟರ ಬಗ್ಗೆ ನಮಗೆ ಸಮಾಧಾನವಿರುವುದಿಲ್ಲ. ಓದಿದ ವೈದ್ಯರಿಲ್ಲದ ಹಳ್ಳಿಗಳಲ್ಲಿ ಇದೇ ಬಾಟಲಿ ಮನೆಯ ಗೋಡೆಯ ಮೊಳೆಗೆ ತೂಗುತ್ತದೆ, ಅದನ್ನು ಹಚ್ಚುವವರಿಗೆ ಪದವಿಯೂ ಇರುವುದಿಲ್ಲ, ಪರವಾನಗಿಯೂ ಇರುವುದಿಲ್ಲ. ಬಾಯಿಂದ ಹೋದದ್ದನ್ನು ಹೊಟ್ಟೆ, ಕರುಳು, ಯಕೃತ್ತು ಸೋಸಿ ಒಳಗೆ ಬಿಡುತ್ತವೆ. ಸೂಜಿಯಿಂದ ಹೋದದ್ದಕ್ಕೆ ಅಂಥ ಕಾವಲು ಯಾವುದೂ ಇಲ್ಲ, ನೇರ ರಕ್ತಕ್ಕೇ ಸೇರುತ್ತದೆ. ಆದ್ದರಿಂದಲೇ ಸಲಾಯಿನ್ ತಯಾರಿಕೆಯಲ್ಲಿ ರೋಗಾಣುಗಳನ್ನು ಕೊಂದರೆ ಸಾಲದು. ಸತ್ತ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಹಬೆಯಲ್ಲಿ ಬೇಯಿಸಿದರೂ ಹೋಗುವುದಿಲ್ಲ. ಅವು ರಕ್ತಕ್ಕೆ ಹೆಚ್ಚಾಗಿ ಸೇರಿದರೆ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ನಿಲ್ಲುತ್ತದೆ. ಹಚ್ಚುವ ನರ್ಸಿಗೆ ಬಾಟಲಿಯೊಳಗೆ ಕಾಣುವುದು ತಿಳಿನೀರು ಮಾತ್ರ.

ಬಳ್ಳಾರಿ ಪ್ರಕರಣದಲ್ಲಿ ನನ್ನನ್ನು ತೀರ ಕಾಡಿದ್ದು ಪರೀಕ್ಷೆಯ ಕಥೆ. ಈ ಕಂಪನಿಯ ದ್ರಾವಣದ ಬಗ್ಗೆ ರಾಜ್ಯಕ್ಕೆ ಮೊದಲೇ ಸಂಶಯವಿತ್ತು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ ಬಂದಿದ್ದ 192 ಬ್ಯಾಚುಗಳಲ್ಲಿ 22 ಬ್ಯಾಚುಗಳು ಗುಣಮಟ್ಟದಲ್ಲಿ ಸೋತಿವೆ ಎಂದು ರಾಜ್ಯದ ಪ್ರಯೋಗಾಲಯ ಹೇಳಿತ್ತು, ಬಳಕೆಯನ್ನು ತಡೆಹಿಡಿಯಲಾಗಿತ್ತು. ಆಮೇಲೆ ವಿಷಯ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಹೋಯಿತು, ಅಲ್ಲಿಂದ ಗುಣಮಟ್ಟ ಸರಿಯಿದೆ ಎಂಬ ವರದಿ ಬಂತು, ತಡೆ ಸಡಿಲವಾಯಿತು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 25ನೇ ಕಲಮಿನ ಪ್ರಕಾರ ಕೇಂದ್ರ ಪ್ರಯೋಗಾಲಯದ ವರದಿಯೇ ಅಂತಿಮ ಸಾಕ್ಷ್ಯ. ಕಾನೂನು ಹೇಳಿದಂತೆಯೇ ನಡೆದಿದೆ, ಬಾಟಲಿಗಳು ಆಸ್ಪತ್ರೆಗೆ ಹೋಗಿವೆ.

ತೊಡಕಿರುವುದು ಇಲ್ಲಿಯೇ. ಸಾವಿರಾರು ಬಾಟಲಿಗಳಿರುವ ಬ್ಯಾಚಿನಿಂದ ಕೆಲವನ್ನಷ್ಟೇ ಒಡೆದು ನೋಡುವುದು ಪರೀಕ್ಷೆಯ ಕ್ರಮ. ಒಂದು ಪ್ರಯೋಗಾಲಯ ಒಡೆದ ಬಾಟಲಿ ಕೆಟ್ಟಿರಬಹುದು, ಇನ್ನೊಂದು ಒಡೆದದ್ದು ಚೆನ್ನಾಗಿರಬಹುದು, ಎರಡೂ ವರದಿ ನಿಜವೇ ಆಗಿರಬಹುದು. ಜೋಳದ ಚೀಲದ ಒಂದು ಮೂಲೆಯಲ್ಲಿ ಬೂಸಲು ಕಂಡಿದೆ, ಇನ್ನೊಂದು ಮೂಲೆಯಿಂದ ತೆಗೆದ ಹಿಡಿ ಜೋಳ ಚೊಕ್ಕಟವಾಗಿದೆ ಎಂದರೆ ಆ ಚೀಲವನ್ನು ಯಾವ ಗೃಹಿಣಿಯೂ ಗಿರಣಿಗೆ ಕಳಿಸುವುದಿಲ್ಲ. ಬ್ಯಾಚಿನ ವಿಚಾರದಲ್ಲಿ ನಮ್ಮ ಕಾಯ್ದೆ ತದ್ವಿರುದ್ಧ ಯೋಚಿಸುತ್ತದೆ: ಎರಡನೆಯ ಪರೀಕ್ಷೆಯಲ್ಲಿ ಪಾಸಾದರೆ ಮೊದಲನೆಯ ನಪಾಸು ಅಳಿಸಿಹೋಗುತ್ತದೆ. ತಯಾರಕನನ್ನು ಅನ್ಯಾಯದ ಆಪಾದನೆಯಿಂದ ಕಾಪಾಡಲು ಇಟ್ಟ ಕಲಮು ಅದು. ಮೊಕದ್ದಮೆಯಲ್ಲಿ ಸಂಶಯದ ಲಾಭ ಆರೋಪಿಗೆ ಸಿಗಬೇಕು, ಒಪ್ಪೋಣ. ಆದರೆ ರಕ್ತನಾಳಕ್ಕೆ ಹರಿಸುವ ದ್ರಾವಣದ ವಿಚಾರದಲ್ಲಿ ಆ ಲಾಭ ರೋಗಿಗೇ ಸಿಗಬೇಕು. ಅಧಿಕಾರಿಯನ್ನು ಅಮಾನತು ಮಾಡುವುದರಿಂದ ಈ ಕಲಮು ಬದಲಾಗುವುದಿಲ್ಲ. ಅವರ ಕುರ್ಚಿಯಲ್ಲಿ ಕೂರುವ ಮುಂದಿನವರ ಕೈಯಲ್ಲಿಯೂ ಅದೇ ಪುಸ್ತಕ ಇರುತ್ತದೆ.

ಎಚ್ಚರಿಕೆ ಊರಿಂದೂರಿಗೆ ಹೋಗುವುದಿಲ್ಲ ಎಂಬುದು ಇನ್ನೊಂದು ಪಾಠ. ಬಳ್ಳಾರಿಯ ಸಾವುಗಳಾಗಿ ಎರಡು ತಿಂಗಳಿಗೆ, 2025ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಐವರು ಬಾಣಂತಿಯರು ಸಿಸೇರಿಯನ್ ನಂತರ ಒಟ್ಟೊಟ್ಟಿಗೆ ಅಸ್ವಸ್ಥರಾದರು, ಒಬ್ಬರು ತೀರಿಕೊಂಡರು. ಅಲ್ಲಿ ಬಳಸಿದ್ದೂ ಅದೇ ಕಂಪನಿಯ ರಿಂಗರ್ ಲ್ಯಾಕ್ಟೇಟ್. ಕರ್ನಾಟಕದಲ್ಲಿ ಕಪ್ಪುಪಟ್ಟಿಗೆ ಸೇರಿದ್ದ ಕಂಪನಿಯ ಮಾಲು ಇನ್ನೊಂದು ರಾಜ್ಯದ ಹೆರಿಗೆ ವಾರ್ಡಿನಲ್ಲಿತ್ತು. ಬಂಗಾಳ ಸರ್ಕಾರ 12 ವೈದ್ಯರನ್ನು ಅಮಾನತು ಮಾಡಿತು. ಹಿರಿಯರು ಸ್ಥಳದಲ್ಲಿರಲಿಲ್ಲ, ತರಬೇತಿಯಲ್ಲಿದ್ದ ಕಿರಿಯರೇ ಶಸ್ತ್ರಚಿಕಿತ್ಸೆ ಮಾಡಿದರು ಎಂಬುದು ಅದಕ್ಕೆ ಕೊಟ್ಟ ಕಾರಣ. ಅದು ನಿಜವಾದರೆ ಗಂಭೀರ ಲೋಪವೇ. ಆದರೂ ಒಂದು ರಾಜ್ಯ ಔಷಧ ನಿಯಂತ್ರಕರತ್ತ ಬೆರಳು ತೋರಿಸಿತು, ಇನ್ನೊಂದು ವೈದ್ಯರತ್ತ ತೋರಿಸಿತು. ಎರಡೂ ಕಡೆ ಪ್ರಶ್ನೆಗೆ ಒಳಗಾದ ಬಾಟಲಿ ಒಂದೇ ಕಂಪನಿಯದು.

ಅದೇ ವರ್ಷ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ತಮಿಳುನಾಡಿನ ಪ್ರಯೋಗಾಲಯದ ಪರೀಕ್ಷೆಯಲ್ಲಿ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಶೇ 48.6ರಷ್ಟಿತ್ತು. ಸಿರಪ್ ತಯಾರಿಸಿದ ಕಂಪನಿಯ ಮಾಲೀಕನಿಗಿಂತ ಮೊದಲು ಬಂಧನಕ್ಕೊಳಗಾದದ್ದು ಚೀಟಿ ಬರೆದ ವೈದ್ಯರು. ಇದೇ ವಿಷ 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಹೆಸರಿನಲ್ಲಿ ಬಂದು 14 ರೋಗಿಗಳನ್ನು ಕೊಂದಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತಿತ್ತು, ಖರೀದಿಯಿಂದ ಹಿಡಿದು ಪರೀಕ್ಷೆಯವರೆಗಿನ ಲೋಪಗಳನ್ನು ಬಿಡಿಸಿ ತೋರಿಸಿತ್ತು, ಮಂತ್ರಿಯೊಬ್ಬರು ರಾಜೀನಾಮೆಯನ್ನೂ ಕೊಟ್ಟಿದ್ದರು. ಸುಮಾರು ನಲವತ್ತು ವರ್ಷಗಳ ನಂತರವೂ ಅದೇ ವಿಷ ಮಕ್ಕಳ ಚಮಚಕ್ಕೆ ಬಂತು. ಪಾಠ ಆಯೋಗದ ವರದಿಯಲ್ಲಿ ಉಳಿಯಿತು, ಔಷಧದ ಕಾರ್ಖಾನೆಗಳಿಗೆ ತಲುಪಲಿಲ್ಲ.

ಔಷಧದ್ದು ಒಂದು ಭಾಗ. ನಮ್ಮ ಭಾಗದ ತಾಯಂದಿರಿಗೆ ಇನ್ನೂ ಹೆಚ್ಚು ಅಪಾಯ ತರುವುದು ಹಾದಿ. ಬಾಗೇವಾಡಿಯಿಂದ ವಿಜಯಪುರಕ್ಕೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರು, ಮುದ್ದೇಬಿಹಾಳದಿಂದ ಅದರ ಇಮ್ಮಡಿಯ ಆಸುಪಾಸು. ಇಂಡಿ, ಚಡಚಣದವರು ಸೊಲ್ಲಾಪುರದ ದಾರಿ ಹಿಡಿಯುತ್ತಾರೆ, ಕೈಮೀರಿದ ರೋಗಿಯನ್ನು ಮಿರಜಿಗೆ ಒಯ್ಯುವುದು ನಮ್ಮ ಅಜ್ಜಂದಿರ ಕಾಲದಿಂದಲೂ ಇದೆ. ತಾಂಡಾದಿಂದ ರಾತ್ರಿ ಹೊರಟ ಬಸುರಿ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ “ಮುಂದ ಒಯ್ರಿ” ಎಂದರೆ ಜಿಲ್ಲೆಗೆ. ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಒಂದೇ ಹೊತ್ತಿಗೆ ಇದ್ದರೆ ಮಾತ್ರ ತಾಲ್ಲೂಕಿನಲ್ಲಿ ಸಿಸೇರಿಯನ್ ಸಾಧ್ಯ. ಒಬ್ಬರು ರಜೆಯಲ್ಲಿದ್ದರೂ ಉಳಿದಿಬ್ಬರ ಕೈ ಕಟ್ಟಿದಂತೆ. ಹೀಗೆ ಮುಂದೆ ಕಳಿಸುವಾಗ ಕೊಡುವ ಚೀಟಿಯನ್ನು ಯಾರಾದರೂ ಕೂತು ಓದಬೇಕು. ರಕ್ತದೊತ್ತಡ ಎಷ್ಟಿತ್ತು, ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟದ್ದು, ಎಷ್ಟು ರಕ್ತ ಹೋಗಿದೆ ಎಂಬ ಮೂರು ಸಂಗತಿ ಅದರಲ್ಲಿ ಇಲ್ಲದಿದ್ದರೆ ಮುಂದಿನ ವೈದ್ಯರು ಸೊನ್ನೆಯಿಂದ ಶುರುಮಾಡಬೇಕು. ಬಾಣಂತಿಗೆ ರಕ್ತಸ್ರಾವವಾಗುತ್ತಿರುವಾಗ ಅರ್ಧ ಗಂಟೆ ಕಳೆದರೆ ಅದೇ ಪ್ರಾಣದ ಬೆಲೆ.

ಇಂಥ ಸಾವಿನಲ್ಲಿ ಯಾರ ತಪ್ಪು? ಫೋನಿಗೆ ಸಿಗದ ತಜ್ಞರದೇ, ಖಾಲಿ ಹುದ್ದೆ ತುಂಬದವರದೇ, ಚೀಟಿ ಅರ್ಧ ಬರೆದವರದೇ, ರಕ್ತ ಇಲ್ಲದ ರಕ್ತನಿಧಿಯದೇ, ಆಂಬುಲೆನ್ಸಿನದೇ? ಪ್ರತಿಯೊಬ್ಬರಿಂದಲೂ ಒಂದೊಂದು ಸಣ್ಣ ಲೋಪ, ಪ್ರತಿಯೊಬ್ಬರ ಬಳಿಯೂ ಅದಕ್ಕೊಂದು ನಿಜವಾದ ಕಾರಣ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಕರ್ನಾಟಕದಲ್ಲಿ ಸತ್ತ 464 ತಾಯಂದಿರ ಲೆಕ್ಕಪರಿಶೋಧನೆ ನಡೆದಾಗ ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬ ತೀರ್ಮಾನ ಬಂತು. ಬಳ್ಳಾರಿಯ ಐದು ಸಾವುಗಳು ನಮಗೆ ಗೊತ್ತಾದದ್ದು ಆ ಐವರಿಗೂ ಒಂದೇ ಕಡೆ, ಮೂರೇ ದಿನಗಳಲ್ಲಿ ಹೆರಿಗೆಯಾದದ್ದರಿಂದ. ಉಳಿದವು ಒಂದೊಂದಾಗಿ ಬೇರೆ ಬೇರೆ ತಾಲ್ಲೂಕುಗಳಲ್ಲಿ ಆದವು, ಬಹುಪಾಲು ಮನೆಗಳಲ್ಲಿ ಹಣೆಬರಹ ಎಂದುಕೊಂಡು ಮಣ್ಣು ಮಾಡಿದರು. 2018–20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು, ಕೇರಳದಲ್ಲಿ 19. ಈ ಅಂತರವನ್ನು ಹಣೆಬರಹದಿಂದ ವಿವರಿಸಲು ಆಗುವುದಿಲ್ಲ.

ವೈದ್ಯಕೀಯ ಹಾನಿ ನಮ್ಮಲ್ಲಿ ಮಾತ್ರ ಇದೆ ಎಂದಲ್ಲ. ಜಗತ್ತಿನಾದ್ಯಂತ ಆಸ್ಪತ್ರೆಗೆ ಸೇರುವ ಹತ್ತರಲ್ಲಿ ಒಬ್ಬ ರೋಗಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಮೆರಿಕದಲ್ಲಿ 1999ರಲ್ಲಿ ಬಂದ ಒಂದು ವರದಿ ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಮಂದಿ ವೈದ್ಯಕೀಯ ತಪ್ಪುಗಳಿಂದ ಸಾಯುತ್ತಿದ್ದಾರೆ ಎಂದಿತ್ತು. ಅದನ್ನು ಬರೆದವರು ಕೆಟ್ಟ ವೈದ್ಯರನ್ನು ಹುಡುಕಿ ಹೊರಗೆ ಹಾಕಿ ಎನ್ನಲಿಲ್ಲ. ಒಳ್ಳೆಯ ವೈದ್ಯರೂ ತಪ್ಪು ಮಾಡುತ್ತಾರೆ, ಆ ತಪ್ಪು ರೋಗಿಯನ್ನು ತಲುಪುವ ಮೊದಲೇ ನಿಲ್ಲುವ ಹಾಗೆ ಕೆಲಸದ ಕ್ರಮವನ್ನು ಕಟ್ಟಿ ಎಂದರು.

ಇದು ನಮ್ಮ ನೆಲದಲ್ಲಿ ಆಗದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗಾಗಿ ರೂಪಿಸಿದ ಪರಿಶೀಲನಾ ಪಟ್ಟಿಯನ್ನು 2010ರಲ್ಲಿ ಪ್ರಯೋಗಕ್ಕಿಟ್ಟು ನೋಡಿದ್ದು ಕರ್ನಾಟಕದ ಒಂದು ಸಣ್ಣ ಹೆರಿಗೆ ಕೇಂದ್ರದಲ್ಲಿ. ಆ ಅಧ್ಯಯನದ ತಂಡದಲ್ಲಿ ಬೆಳಗಾವಿಯ ಪ್ರಸೂತಿ ತಜ್ಞರೂ ಇದ್ದರು. ಕೈ ತೊಳೆದಿರಾ, ತಾಯಿಯ ರಕ್ತದೊತ್ತಡ ನೋಡಿದಿರಾ, ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯುವ ಚುಚ್ಚುಮದ್ದು ಕೈಗೆಟಕುವಲ್ಲಿದೆಯಾ, ಇಂಥ ಸರಳ ಪ್ರಶ್ನೆಗಳ ಪಟ್ಟಿ ಅದು. ಪ್ರತಿ ಹೆರಿಗೆಯಲ್ಲಿ ಆಗಲೇಬೇಕಾದ 29 ಕೆಲಸಗಳಲ್ಲಿ ಪಟ್ಟಿ ಬರುವ ಮೊದಲು ಸರಾಸರಿ 10 ಆಗುತ್ತಿದ್ದವು, ಬಂದ ಮೇಲೆ 25 ಆದವು. ಕಟ್ಟಡ ಅದೇ, ದಾದಿಯರೂ ಅವರೇ. ಅಲ್ಲಿಯವರೆಗೆ 19 ಕೆಲಸಗಳು ಬಿಟ್ಟುಹೋಗುತ್ತಿದ್ದುದು ಅವರು ಕೆಟ್ಟವರಾಗಿದ್ದರಿಂದ ಅಲ್ಲ ಎಂದು ಇದರಿಂದಲೇ ತಿಳಿಯುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ದಾದಿಯರು ಮಾಡುವ ಕೆಲಸ ಸುಧಾರಿಸಿತ್ತು, ತಾಯಿ ಮತ್ತು ಶಿಶುಗಳ ಸಾವು ಮಾತ್ರ ಕಡಿಮೆಯಾಗಿರಲಿಲ್ಲ. ನನಗೆ ಈ ಸೋಲು ಆ ಗೆಲುವಿಗಿಂತ ಹೆಚ್ಚು ಕಲಿಸುತ್ತದೆ. ರಕ್ತದೊತ್ತಡ ಹೆಚ್ಚಿದೆ ಎಂದು ದಾದಿ ಸರಿಯಾಗಿ ಬರೆದಿಡಬಹುದು. ಅದನ್ನು ಇಳಿಸುವ ಔಷಧ, ನೋಡುವ ತಜ್ಞರು, ಒಯ್ಯುವ ಗಾಡಿ, ಒಯ್ದಲ್ಲಿ ಹಾಸಿಗೆ ಇಲ್ಲದಿದ್ದರೆ ಬರೆದದ್ದು ಹಾಳೆಯಲ್ಲೇ ಉಳಿಯುತ್ತದೆ. ಶಿಸ್ತು ಮತ್ತು ಸೌಲಭ್ಯ ಎರಡೂ ಬೇಕು. ತರಬೇತಿ ಶಿಬಿರ ನಡೆಸಿ ಫೋಟೊ ಹಾಕಿಸಿದರೆ ತಾಯಿಯರ ಸಾವು ನಿಲ್ಲುವುದಿಲ್ಲ, ಹಾಗೆಯೇ ಬರಿ ಕಟ್ಟಡ ಕಟ್ಟಿ ರಿಬ್ಬನ್ ಕತ್ತರಿಸಿದರೂ ನಿಲ್ಲುವುದಿಲ್ಲ. ವಿಜಯಪುರದಲ್ಲಿ 2025ರಲ್ಲಿ ಜನ ತಿಂಗಳುಗಟ್ಟಲೆ ಧರಣಿ ಕೂತು ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು, ಖಾಸಗಿ ಸಹಭಾಗಿತ್ವದ್ದು ಬೇಡ ಎಂದು ಕೇಳಿದರು. ಆ ಕೇಳಿಕೆ ನ್ಯಾಯದ್ದು. ಕಾಲೇಜು ಬಂದ ಮೇಲೆ ಅದರೊಳಗೆ ರೋಗಿಯ ಸುರಕ್ಷತೆ ಹೇಗಿರಬೇಕು ಎಂಬುದನ್ನೂ ಈಗಲೇ ಕೇಳಬೇಕು.

ಪಟ್ಟಿಗೆ ಬಲ ಬರುವುದು ಕಿರಿಯರ ಬಾಯಿ ತೆರೆದಾಗ. ಎಲ್ಲರಿಗಿಂತ ಮೊದಲು ತಪ್ಪು ಕಣ್ಣಿಗೆ ಬೀಳುವುದು ಹೆಚ್ಚಾಗಿ ಮಂಚದ ಪಕ್ಕ ನಿಂತ ನರ್ಸಿಗೆ, ಆಯಾಗೆ, ಕೆಲವೊಮ್ಮೆ ರೋಗಿಯ ತಾಯಿಗೆ. “ಸರ, ಈ ಪೇಷಂಟಿಗೆ ಆ ಔಷಧ ಒಗ್ಗಂಗಿಲ್ಲ ಅಂತ ಕೇಸ್ ಪೇಪರಿನ್ಯಾಗ ಬರದೈತ್ರಿ” ಎಂದು ಒಬ್ಬ ನರ್ಸು ದೊಡ್ಡ ಡಾಕ್ಟರಿಗೆ ಹೇಳಬಲ್ಲಳೇ? ಹೇಳಿದರೆ ಬೈಗುಳ ಸಿಗುತ್ತದೋ, ಮೆಚ್ಚುಗೆಯೋ? ಆ ಆಸ್ಪತ್ರೆ ಎಷ್ಟು ಸುರಕ್ಷಿತ ಎಂಬುದು ಈ ಒಂದು ಉತ್ತರದಿಂದಲೇ ಗೊತ್ತಾಗುತ್ತದೆ. ಬಸವಣ್ಣನವರು ಹುಟ್ಟಿದ ಊರಿನ ನೆರೆಯಲ್ಲಿ ಮೇಲು ಕೀಳಿನ ಬಗ್ಗೆ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಅನುಭವ ಮಂಟಪದಲ್ಲಿ ಕಾಯಕದವರೆಲ್ಲ ಸಮನಾಗಿ ಕೂತು ಪ್ರಶ್ನೆ ಕೇಳಿದ್ದನ್ನು ವೇದಿಕೆಯ ಮೇಲೆ ಕೊಂಡಾಡುವ ನಾವು, ಆಪರೇಷನ್ ಥಿಯೇಟರಿನ ಬಾಗಿಲು ದಾಟಿದ ಕೂಡಲೇ ಅದನ್ನು ಮರೆಯುತ್ತೇವೆ.

ಹೀಗೆ ವಾದಿಸಿದರೆ ವೈದ್ಯರನ್ನು ಹೊಣೆಯಿಂದ ಪಾರುಮಾಡಿದಂತಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಹತ್ತು ವರ್ಷದ ಹಿಂದೆ ಬಯಲಾದ ಗರ್ಭಕೋಶದ ಪ್ರಕರಣವನ್ನು ನೆನೆಯಿರಿ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದರು ಎಂಬುದು ಆರೋಪ. ಇಂಥವರು ಎರಡು ಸಾವಿರಕ್ಕೂ ಹೆಚ್ಚು ಎಂದು ಹೋರಾಟಗಾರರು ಲೆಕ್ಕ ಕೊಟ್ಟರು, ಅವರಲ್ಲಿ ನಲವತ್ತೂ ತುಂಬದವರು ಬಹಳ ಇದ್ದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಬೇಕಿಲ್ಲದ ಶಸ್ತ್ರಚಿಕಿತ್ಸೆಯನ್ನು ಹಣಕ್ಕಾಗಿ ಮಾಡುವುದು ಅಪರಾಧ. ಅಂಥವರಿಗೆ ಕಾಯ್ದೆಯ ಪೂರ್ತಿ ಶಿಕ್ಷೆಯಾಗಬೇಕು, ಪರವಾನಗಿ ಹೋಗಬೇಕು. ಕಣ್ಣುತಪ್ಪಿನಿಂದ ಆದ ಹಾನಿಯನ್ನೂ ಹಣದಾಸೆಯಿಂದ ಆದ ಹಾನಿಯನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲಾಭವಾಗುವುದು ಹಣದಾಸೆಯವರಿಗೇ. ಪ್ರಾಮಾಣಿಕ ವೈದ್ಯರು ಹೆದರಿ ತಪ್ಪು ಮುಚ್ಚಿಡುತ್ತಾರೆ, ಅಪ್ರಾಮಾಣಿಕರು ಆ ಮೌನದ ಮರೆಯಲ್ಲಿ ಅಡಗುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡೋಣ. ತೀರ ಅಕ್ಷಮ್ಯವಾದ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಸಲ್ಲುತ್ತದೆ, ಅದಕ್ಕೂ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಅದು ಸರಿಯೆನಿಸುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆಯಿದೆ, ಚಿಕಿತ್ಸೆಯ ವೇಳೆಯಲ್ಲಾದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ಪರಿಹಾರದ ದಾರಿ ತೆರೆದದ್ದು 1995ರ ವಿ.ಪಿ. ಶಾಂತಾ ಪ್ರಕರಣ. ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಯ ಒಳಗೆ ಬರುತ್ತದೆ ಎಂದು ಅದರಲ್ಲಿ ತೀರ್ಮಾನವಾಯಿತು. ಅದರಲ್ಲೇ ಒಂದು ಬೇಲಿಯೂ ಇದೆ: ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಈ ಕಾಯ್ದೆಯ ಹೊರಗೆ. ಹಣ ಕೊಟ್ಟು ಖಾಸಗಿ ಆಸ್ಪತ್ರೆಗೆ ಹೋದವರು ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಕಾಸಿಲ್ಲದೆ ಉಚಿತ ಚಿಕಿತ್ಸೆಗೆ ಹೋದ ಕೂಲಿಕಾರಳ ಮನೆಯವರಿಗೆ ಆ ಬಾಗಿಲು ಇಲ್ಲ. ಅವರು ಬೆಂಗಳೂರಿನ ಆಯೋಗಗಳಿಗೆ ಅರ್ಜಿ ಬರೆಯಬೇಕು, ಇಲ್ಲವೇ ಹೈಕೋರ್ಟಿಗೆ ಹೋಗಬೇಕು, ಅಥವಾ ಸುದ್ದಿ ದೊಡ್ಡದಾಗಿ ಮಂತ್ರಿಗಳು ಪರಿಹಾರ ಘೋಷಿಸುವವರೆಗೆ ಕಾಯಬೇಕು.

ಈ ಬೇಲಿ ಕಿತ್ತೊಗೆಯುವ ಒಂದು ಅವಕಾಶ 2017ರಲ್ಲಿ ಬಂದಿತ್ತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಬಿಗಿಯಾದ ತಿದ್ದುಪಡಿ ತಂದರು, ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಕೊನೆಗೆ ಮಸೂದೆ ಮೆದುವಾಗಿ ಹೊರಬಂತು. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಿಲ್ಲು ಬಾಕಿಯೆಂದು ಹೆಣ ಹಿಡಿದಿಟ್ಟುಕೊಳ್ಳಬಾರದು ಎಂಬ ಒಳ್ಳೆಯ ಅಂಶಗಳು ಉಳಿದವು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಬಂತು. ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯೊಳಗೆ ತನ್ನಿ ಎಂಬುದು ಮುಷ್ಕರ ಹೂಡಿದ ವೈದ್ಯರ ಬೇಡಿಕೆಗಳಲ್ಲೊಂದಾಗಿತ್ತು. ಅದನ್ನು ಅವರು ಯಾವ ಉದ್ದೇಶದಿಂದಲೇ ಕೇಳಿರಲಿ, ಆ ಬೇಡಿಕೆ ಸರಿಯಿತ್ತು. ಸರ್ಕಾರ ಒಪ್ಪಲಿಲ್ಲ. ಹಾಗಾಗಿ ತನ್ನದೇ ಆಸ್ಪತ್ರೆಯಲ್ಲಿ ನೊಂದವರಿಗೆ ಸರ್ಕಾರ ಈ ಎರಡೂ ಬಾಗಿಲುಗಳನ್ನು ಮುಚ್ಚಿಯೇ ಇಟ್ಟಿದೆ.

ಕೇಳುವ ಕಡೆ ಇಲ್ಲದ ನೋವು ರೊಚ್ಚಾಗುತ್ತದೆ. ಆಸ್ಪತ್ರೆಯ ಗಾಜು ಒಡೆಯುವ, ರಾತ್ರಿ ಡ್ಯೂಟಿಯ ಎಳೆಯ ವೈದ್ಯರನ್ನು ಹೊಡೆಯುವ ಕೃತ್ಯವನ್ನು ನಾನು ಎಳ್ಳಷ್ಟೂ ಸಮರ್ಥಿಸುವುದಿಲ್ಲ. 2009ರಿಂದಲೇ ಅದಕ್ಕೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯಿದೆ, ಅದು ಜಾರಿಯಾಗಬೇಕು. ಹೊಡೆಸಿಕೊಂಡ ವೈದ್ಯರು ಮರುದಿನ ಸಣ್ಣ ಅಪಾಯವಿರುವ ರೋಗಿಯನ್ನೂ ಮುಟ್ಟದೆ ಮುಂದೆ ಕಳಿಸುತ್ತಾರೆ, ಹಾದಿಯಲ್ಲಿ ಸಾಯುವವರು ಇನ್ನಷ್ಟು ಹೆಚ್ಚುತ್ತಾರೆ. ಆದರೆ ಹೆಣದ ಮುಂದೆ ನಿಂತವರಿಗೆ ಅರ್ಧ ದಿನ ಯಾರೂ ಒಂದು ಮಾತೂ ಹೇಳದಿದ್ದರೆ ಆ ಖಾಲಿ ಜಾಗವನ್ನು ಸಂಶಯ ತುಂಬುತ್ತದೆ. ಇಂಗ್ಲೆಂಡಿನಲ್ಲಿ 2014ರಿಂದ ಆಸ್ಪತ್ರೆಗಳಿಗೆ ಒಂದು ಕಾನೂನುಬದ್ಧ ಕರ್ತವ್ಯವಿದೆ: ಗಂಭೀರ ಹಾನಿಯಾದರೆ ರೋಗಿಗೆ ಅಥವಾ ಮನೆಯವರಿಗೆ ತಾವಾಗಿಯೇ ತಿಳಿಸಬೇಕು, ಕ್ಷಮೆ ಕೇಳಬೇಕು, ಏನಾಯಿತೆಂದು ತನಿಖೆ ಮಾಡಿ ಹೇಳಬೇಕು. ನ್ಯೂಜಿಲೆಂಡಿನಲ್ಲಿ ಚಿಕಿತ್ಸೆಯಿಂದ ಹಾನಿಯಾದವರು ಯಾರ ತಪ್ಪೆಂದು ಸಾಬೀತು ಮಾಡುವ ಹೊರೆಯಿಲ್ಲದೆಯೇ ಸರ್ಕಾರಿ ನಿಧಿಯಿಂದ ಪರಿಹಾರ ಪಡೆಯುತ್ತಾರೆ. ಆ ದೇಶಗಳು ಶ್ರೀಮಂತ, ನಿಜ. ಆದರೆ ನಡೆದದ್ದನ್ನು ನಡೆದಂತೆ ಹೇಳಲು ದೊಡ್ಡ ಬಜೆಟ್ ಬೇಕಿಲ್ಲ.

ಅಂಥ ಕಾನೂನು ನಮ್ಮಲ್ಲಿ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಕೇಳಿದ 72 ಗಂಟೆಯೊಳಗೆ ರೋಗಿಯ ದಾಖಲೆಗಳನ್ನು ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ. ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಔಷಧದಿಂದ ತೊಂದರೆಯಾಗಿದ್ದರೆ ರೋಗಿಯ ಮನೆಯವರೇ 1800-180-3024 ಎಂಬ ಉಚಿತ ಸಂಖ್ಯೆಗೆ ತಿಳಿಸಬಹುದು. ಬಾಟಲಿ, ಡಬ್ಬಿ, ಬ್ಯಾಚ್ ಸಂಖ್ಯೆ ಎಸೆಯಬೇಡಿ. ಮುಂದಿನ ಆಸ್ಪತ್ರೆಗೆ ಕಳಿಸುವಾಗ ಕೊಟ್ಟ ಔಷಧ ಮತ್ತು ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳದೆ ಗಾಡಿ ಹತ್ತಬೇಡಿ. ಗುಳಿಗೆ ಸಾಕೆಂದ ಡಾಕ್ಟರಿಗೆ ಸಲಾಯಿನ್ ಹಚ್ಚಲು ದುಂಬಾಲು ಬೀಳಬೇಡಿ.

ವಿಜಯಪುರ ಜಿಲ್ಲೆಗೆ ಎಂಟು ಮಂದಿ ಶಾಸಕರಿದ್ದಾರೆ. ಅವರಿಗೆ ಈ ಲೇಖನದ ಮೂಲಕ ಒಂದು ಮನವಿ. 2017ರಲ್ಲಿ ಮಸೂದೆ ಮೆದುವಾದ ಅದೇ ಬೆಳಗಾವಿ ಅಧಿವೇಶನದಲ್ಲಿ ಪಕ್ಷ ಮರೆತು ಎದ್ದು ನಿಂತು ಮೂರು ಮಾತು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹಾನಿಗೊಳಗಾದವರಿಗೂ ಜಿಲ್ಲೆಯಲ್ಲೇ ದೂರು ಕೊಡಲು, ಪರಿಹಾರ ಪಡೆಯಲು ಒಂದು ಪೀಠ ಕೊಡಿ. ಪ್ರತಿ ತಾಯಿಯ ಸಾವಿನ ತನಿಖಾ ವರದಿಯನ್ನು ರೋಗಿಯ ಹೆಸರು ಮುಚ್ಚಿ ಕನ್ನಡದಲ್ಲಿ ಪ್ರಕಟಿಸಿ, ಅದರ ಒಂದು ಪ್ರತಿಯನ್ನು ಮೊದಲು ಆ ಮನೆಗೆ ತಲುಪಿಸಿ. ಒಂದು ಪ್ರಯೋಗಾಲಯದಲ್ಲಿ ನಪಾಸಾದ ರಕ್ತನಾಳದ ದ್ರಾವಣ ಇನ್ನೊಂದರ ಪಾಸಿನ ಬಲದಿಂದ ಮತ್ತೆ ವಾರ್ಡಿಗೆ ಹೋಗದಂತೆ ಕಾಯ್ದೆ ತಿದ್ದಲು ಕೇಂದ್ರಕ್ಕೆ ಸದನದ ನಿರ್ಣಯ ಕಳಿಸಿ.